ಪ್ರೇಮಮ್ಮನ ಇನ್ನರ್ಧ ಮಾತು

ವಿದ್ಯಾಶ್ರೀ ಶಿವಮೊಗ್ಗದಿಂದ ವಾಪಸು ಬಂದಾಗ ಪ್ರೇಮಮ್ಮ ಅಕ್ಕಿರೊಟ್ಟಿ ತಟ್ಟುತ್ತಿದ್ದಳು. ಮಗಳು ಚಪ್ಪಲಿ ಬಿಟ್ಟ ಸದ್ದಿನಲ್ಲೇ ವಿಷಯ ಗೊತ್ತಾಯಿತು. ಗೊತ್ತಾಗಿಯೂ ಕೇಳಿದಳು.

"ಏನಂದ್ರು?"

"ಇಲ್ಲ ಅಂದ್ರು."

"ಕೈಕಾಲು ತೊಳ್ಕೊಂಡ್ ಬಾ. ರೊಟ್ಟಿ ಆರುತ್ತೆ."

ವಿಮಾನ ನಿಲ್ದಾಣದ ರಸ್ತೆಯಲ್ಲಿ ಹೊಸದಾಗಿ ಎದ್ದ ಒಂದು ಹೋಟೆಲಿನ ಕೆಲಸ ಅದು. ಬಂದವರಿಗೆ ನಮಸ್ಕಾರ ಹೇಳಬೇಕು, ಹೆಸರು ಬರೆಸಿಕೊಳ್ಳಬೇಕು, ರೂಮಿನ ಕೀ ಕೊಡಬೇಕು. 'ಲಾಡ್ಜಲ್ಲಿ ಹೆಣ್ಣುಮಗಳು ಕೂರೋದಾ' ಎಂದು ಪ್ರೇಮಮ್ಮ ಮೊದಲು ಅಡ್ಡ ಬಂದಿದ್ದಳು. ಗಂಡ ಕರಿಯಣ್ಣ ತಾನೇ ಬಸ್ಸು ಹತ್ತಿ ಹೋಗಿ ಗೇಟು, ಕಾವಲುಗಾರ, ಒಳಗೆ ಓಡಾಡುವ ಹುಡುಗಿಯರನ್ನೆಲ್ಲ ನೋಡಿ ಬಂದು 'ಮರ್ಯಾದಸ್ಥರ ಜಾಗ' ಎಂದ ಮೇಲೆ ಸುಮ್ಮನಾಗಿದ್ದಳು. ಬಿ.ಕಾಂ. ಮುಗಿಸಿ ಮನೆಯಲ್ಲಿ ಕೂತಿದ್ದ ವಿದ್ಯಾಶ್ರೀಗೆ ಇದ್ದದ್ದು ಎರಡೇ ದಾರಿ. ಒಂದು ಈ ಕೆಲಸ. ಇನ್ನೊಂದು ಸೋದರತ್ತೆ ಹಿಡಿದು ತಂದಿದ್ದ ತರೀಕೆರೆಯ ಸಂಬಂಧ. ಕೆಲಸ ಸಿಕ್ಕರೆ ಎರಡು ವರ್ಷ ಮದುವೆಯ ಸುದ್ದಿ ಎತ್ತುವುದಿಲ್ಲ ಎಂದು ಕರಿಯಣ್ಣ ಮಾತು ಕೊಟ್ಟಿದ್ದ. ಸಿಗದಿದ್ದರೆ ಏನು ಎಂದು ಯಾರೂ ಹೇಳಿರಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ.

ಕರಿಯಣ್ಣ ಹಿಟ್ಟಿನ ಗಿರಣಿ ಮುಚ್ಚಿ ಬಂದ. ಭದ್ರಾವತಿಯಲ್ಲಿ ತಾನು ದುಡಿಯುತ್ತಿದ್ದ ಕಾಗದದ ಕಾರ್ಖಾನೆ ನಿಂತ ಮೇಲೆ ಅವನು ಅದರ ಕ್ವಾರ್ಟರ್ಸ್ ಇದ್ದ ಕಾಗದನಗರದ ಪಕ್ಕದಲ್ಲೇ ಬಾಡಿಗೆ ಮನೆ ಹಿಡಿದು, ಮೂಲೆಯ ಅಂಗಡಿಯಲ್ಲಿ ಗಿರಣಿ ಹಾಕಿದ್ದ. ಅವನ ಹಿಂದೆಯೇ ಮಗ ಹರ್ಷವರ್ಧನ ಬಂದ. ಶಿವಮೊಗ್ಗದ ಗಾಂಧಿ ಬಜಾರಿನ ಓಂಕಾರಪ್ಪನವರ ಕಿರಾಣಿ ಮಂಡಿಯಿಂದ ಭದ್ರಾವತಿಯ ಅಂಗಡಿಗಳಿಗೆ ಮಾಲು ಹಾಕುವ ಗೂಡ್ಸ್ ಗಾಡಿ ಓಡಿಸುವವನು. ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟಿದ್ದ. ಸಿಟ್ಟು ಮಾತ್ರ ಬಿಟ್ಟಿರಲಿಲ್ಲ.

"ಯಾಕಂತೆ?" ತಟ್ಟೆ ಎಳೆದುಕೊಳ್ಳುತ್ತ ಕೇಳಿದ.

"ನಿಮ್ಮ ಬಗ್ಗೆ ಇಂಗ್ಲಿಷಲ್ಲಿ ಹೇಳಿ ಅಂದ್ರು, ಅಣ್ಣ."

"ಹೇಳ್ಲಿಲ್ವಾ?"

"ಹೇಳ್ದೆ. ಐ ವರ್ಕ್ ಹಾರ್ಡ್, ಬಟ್ ಐ ಆಮ್ ಸ್ಲೋ. ಐ ನೋ ಕಂಪ್ಯೂಟರ್, ಬಟ್ ನಾಟ್ ಮಚ್. ಐ ಲೈಕ್ ಪೀಪಲ್, ಬಟ್ ಐ ಆಮ್ ಶೈ."

"ಹಂಗಂದ್ರೆ?" ಎಂದ ಕರಿಯಣ್ಣ.

"ಕಷ್ಟಪಟ್ಟು ಕೆಲಸ ಮಾಡ್ತೀನಿ, ಆದ್ರೆ ನಿಧಾನ. ಕಂಪ್ಯೂಟರ್ ಗೊತ್ತು, ಆದ್ರೆ ಅಷ್ಟಕ್ಕಷ್ಟೆ. ಜನ ಅಂದ್ರೆ ಇಷ್ಟ, ಆದ್ರೆ ನಾಚಿಕೆ."

ಹರ್ಷ ರೊಟ್ಟಿಯ ತುಂಡನ್ನು ತಟ್ಟೆಗೆ ಹಾಕಿದ. "ಮಾರಾಯ್ತಿ, ನಿನ್ನ ಮೇಲೆ ನೀನೇ ಕಂಪ್ಲೇಂಟ್ ಕೊಟ್ಟು ಬಂದಿದ್ದೀಯ."

"ಆ ಮೇಡಮ್ಮೂ ಹಂಗೇ ಅಂದ್ರು. ಬೇಡ ಅನ್ನೋ ಕೆಲಸಾನೂ ನಮಗೆ ಉಳಿಸ್ಲಿಲ್ಲವಲ್ಲಮ್ಮ ನೀನು ಅಂತ ನಕ್ಕರು. ಮುಂದಿನ ತಿಂಗಳು ಇನ್ನೊಂದ್ ಸಲ ಕರೀತಾರಂತೆ. ಮಾತಾಡೋದು ಕಲ್ತು ಬಾ ಅಂದ್ರು."

"ಸರಿಯಾಗೇ ಹೇಳಿದ್ದಾಳೆ ನನ್ನ ಮಗಳು," ಎಂದಳು ಪ್ರೇಮಮ್ಮ ಕಾವಲಿಯ ಮುಂದಿನಿಂದ. "ಇನ್ನೇನು, ನನ್ನಂಥ ಜಾಣೆ ಊರಲ್ಲಿಲ್ಲ ಅಂತ ತಮಟೆ ಹೊಡೀಬೇಕಿತ್ತಾ?"

"ಹೊಡೀಬೇಕಿತ್ತು! ತಮಟೆ ಹೊಡೆಸೋಕೇ ಅವ್ರು ಕರೆಸೋದು. ಇಂಗ್ಲಿಷ್ ಬರೋರು ಎಸಿಯಲ್ಲಿ ಕೂತ್ಕೊಂಡು, ಬರದೇ ಇರೋರನ್ನ ಎದುರಿಗೆ ಕೂರಿಸಿ ಹೊಡೆಸ್ತಾರೆ."

"ನಿಂಗ್ಯಾಕೋ ಅಷ್ಟು ಸಿಟ್ಟು? ನಿಂಗೆ ಕೆಲಸ ಕೊಡಲ್ಲ ಅಂದ್ರಾ?"

"ನಂಗೆ ಯಾರು ಕರೀತಾರೆ?" ಎಂದ ಹರ್ಷ. ತಟ್ಟೆಗೆ ಹಾಕಿದ್ದ ರೊಟ್ಟಿಯ ತುಂಡನ್ನು ಮತ್ತೆ ಎತ್ತಿಕೊಂಡ.

ಪ್ರೇಮಮ್ಮ ಯಾರನ್ನೂ ಬರಿದಾಗಿ ಹೊಗಳಿದವಳಲ್ಲ. ಅವಳ ಹೊಗಳಿಕೆಗೆ ಒಂದು ಬಾಲ ಇದ್ದೇ ಇರುತ್ತಿತ್ತು. ಪಕ್ಕದ ಮನೆಯ ಸಾವಿತ್ರಮ್ಮ ಮೊಮ್ಮಗುವನ್ನು ತಂದು ತೋರಿಸಿದರೆ, 'ಮುದ್ದಾಗಿದೆ ಕಣ್ರೀ, ಆದ್ರೆ ಕಿವಿ ನೋಡಿ, ಮೊರ ಇದ್ದಂಗಿದೆ' ಎನ್ನುವಳು. ಸಾವಿತ್ರಮ್ಮ ಸಂತೋಷದಿಂದಲೇ ಮಗುವನ್ನು ಎತ್ತಿಕೊಂಡು ಹೋಗುವಳು. ಇಡೀ ಬೀದಿಗೆ ಅದು ಗೊತ್ತಿತ್ತು. ಪ್ರೇಮಮ್ಮ ಒಳ್ಳೆಯದು ಹೇಳಿದಾಗ ಎಲ್ಲರೂ ಇನ್ನರ್ಧ ಮಾತು ಬರಲೆಂದು ನಿಂತು ಕಾಯುತ್ತಿದ್ದರು.

ಹರ್ಷನಿಗಿಂತ ಮೊದಲು ಅವಳಿಗೊಂದು ಗಂಡುಮಗು ಇತ್ತು. ಕಾರ್ಖಾನೆ ಗಿಜಿಗುಡುತ್ತಿದ್ದ ಕಾಲ. ಕ್ವಾರ್ಟರ್ಸಿನ ಮಹಿಳೆಯರು ವಾರ್ಷಿಕೋತ್ಸವಕ್ಕೆ ಆರೋಗ್ಯವಂತ ಶಿಶು ಸ್ಪರ್ಧೆ ಇಟ್ಟಿದ್ದರು. ಪ್ರೇಮಮ್ಮನ ಮಗುವಿಗೆ ಮೊದಲ ಬಹುಮಾನ ಬಂತು. ಅದನ್ನು ವೇದಿಕೆ ಮೇಲೆ ಎತ್ತಿ ಹಿಡಿದು ತೋರಿಸಿದರು. ಜನ ಚಪ್ಪಾಳೆ ತಟ್ಟಿದರು, ಒಬ್ಬರಾದ ಮೇಲೊಬ್ಬರು ಕೆನ್ನೆ ಹಿಂಡಿದರು. ಅದೇ ಮಳೆಗಾಲದಲ್ಲಿ ಮಗು ಕಾಮಾಲೆಯಾಗಿ ತೀರಿಕೊಂಡಿತು. ಆಮೇಲೆ ಹುಟ್ಟಿದ ಇಬ್ಬರ ಕೆನ್ನೆಗೂ ಅವಳು ಕಾಸಿನಗಲ ಕಪ್ಪು ಬೊಟ್ಟು ಇಟ್ಟಳು. ಬೊಟ್ಟು ಇಡುವ ವಯಸ್ಸು ದಾಟಿದ ಮೇಲೆ ಮಾತಿನಲ್ಲೇ ಇಡತೊಡಗಿದಳು.

ಭದ್ರಾವತಿ ಬಸ್ ನಿಲ್ದಾಣದ ಹತ್ತಿರ, ಒಂದು ಮೆಡಿಕಲ್ ಶಾಪಿನ ಮಹಡಿಯಲ್ಲಿ ಮನೋಹರ ಸರ್ ಇಂಗ್ಲಿಷ್ ಮಾತಾಡಲು ಕಲಿಸುತ್ತಿದ್ದರು. ಹರ್ಷ ತಂಗಿಯನ್ನು ಅಲ್ಲಿಗೆ ಸೇರಿಸಿದ. ವಿದ್ಯಾಶ್ರೀ ಸಂದರ್ಶನದಲ್ಲಿ ಹೇಳಿದ್ದನ್ನು ಮನೋಹರ ಸರ್ ಎಲ್ಲರೆದುರು ಇನ್ನೊಮ್ಮೆ ಹೇಳಿಸಿದರು.

"ತಪ್ಪಿಲ್ಲಮ್ಮ. ಮಾತು ಸರಿಯಾಗೇ ಇದೆ," ಎಂದರು. "ಆದ್ರೆ ಮನೆಗೆ ಬಂದೋರನ್ನ ನೀನು ಕಾಫಿ ಕೊಟ್ಟು ಕಳಿಸ್ತೀಯೋ, ಹಿತ್ತಲಿನ ಕಸ ತೋರಿಸಿ ಕಳಿಸ್ತೀಯೋ? ಕೇಳೋನು ಕೊನೆಗೆ ಹೇಳಿದ್ದನ್ನೇ ಎತ್ಕೊಂಡು ಹೋಗೋದು. ಕುಂದು ಮೊದ್ಲು ಹೇಳಿ ಮುಗಿಸ್ಬಿಡು. ಗುಣ ಕೊನೆಗಿಡು. ಆಲ್ದೋ ಐ ಆಮ್ ನ್ಯೂ, ಐ ಲರ್ನ್ ಫಾಸ್ಟ್. ಅಲ್ಲಿಗೆ ನಿಲ್ಸು. ಬಾಯಿ ಮುಚ್ಚು."

ಒಂದಕ್ಕೊಂದು ಎದುರಾದ ಎರಡು ಸಂಗತಿಗಳನ್ನು ಜೋಡಿಸಲು ಇಂಗ್ಲಿಷಿನಲ್ಲಿರುವ ದಾರಿಗಳನ್ನೆಲ್ಲ ಅವರು ಬೋರ್ಡಿನ ಮೇಲೆ ಬರೆದರು. ಆಲ್ದೋ, ಈವನ್ ದೋ, ಬಟ್, ಸ್ಟಿಲ್. ಕಬ್ಬಿಣದ ಕಾರ್ಖಾನೆಯ ಕಡೆಯಿಂದ ಬರುತ್ತಿದ್ದ ಮುರಳಿ ಎಂಬ ಹುಡುಗ ಎದ್ದು ನಿಂತು, "ಆಲ್ದೋ ದ ಟೀಚರ್ ಇಸ್ ಶೌಟಿಂಗ್, ಐ ಆಮ್ ಸ್ಲೀಪಿಂಗ್," ಎಂದ. ಮನೋಹರ ಸರ್, "ವಾಕ್ಯ ಸರಿ ಇದೆ. ನೀನು ಹೊರಗೆ ನಡಿ," ಎಂದರು.

ಇದನ್ನು ವಿದ್ಯಾಶ್ರೀ ಮನೆಯಲ್ಲಿ ಹೇಳಿದಾಗ ಹರ್ಷನಿಗೆ ಒಂದು ಉಪಾಯ ಹೊಳೆಯಿತು.

"ಇವತ್ತಿಂದ ಊಟಕ್ಕೆ ಕೂತೋರೆಲ್ಲ ಒಂದೊಂದು ಮಾತು ಹೇಳ್ಬೇಕು. ಕೆಟ್ಟದ್ದು ಮೊದ್ಲು, ಒಳ್ಳೇದು ಕೊನೆಗೆ. ಇವಳು ಅದನ್ನ ಇಂಗ್ಲಿಷ್ ಮಾಡ್ತಾಳೆ. ಮಾಡಿದ್ರೇ ಸಾರು."

"ನನ್ನ ಸಾರಿಗೆ ನೀನ್ಯಾವನೋ ರೂಲ್ಸ್ ಮಾಡೋಕೆ?" ಎಂದಳು ಪ್ರೇಮಮ್ಮ.

ಕರಿಯಣ್ಣ ಮಾತ್ರ ಇದನ್ನು ಗಂಭೀರವಾಗಿ ತೆಗೆದುಕೊಂಡ. ಅನ್ನ ಕಲಸುತ್ತ ಯೋಚಿಸಿದ. "ರಾಗಿ ಹಳೇದು, ಆದ್ರೂ ಹಿಟ್ಟು ನುಣ್ಣಗೆ ಬಂತು," ಎಂದ.

"ಆಲ್ದೋ ದ ರಾಗಿ ವಾಸ್ ಓಲ್ಡ್, ದ ಫ್ಲೋರ್ ಕೇಮ್ ಔಟ್ ಫೈನ್."

"ಭೇಷ್! ಇನ್ನೊಂದು. ಸಾವಿತ್ರಮ್ಮ ಗಿರಣೀಲಿ ಚೌಕಾಸಿ ಮಾಡ್ತಾಳೆ, ಆದ್ರೂ ಬೇರೆ ಗಿರಣಿಗೆ ಹೋಗಲ್ಲ."

ಹರ್ಷನ ಸರದಿ ಬಂತು. "ವಿದ್ಯಾ ಕುಳ್ಳಿ, ಆದ್ರೂ ಬುದ್ಧಿವಂತೆ."

ವಿದ್ಯಾಶ್ರೀ ಬಾಯಿ ತೆರೆಯುವುದರೊಳಗೆ ಒಲೆಯ ಕಡೆಯಿಂದ, "ಮೂಗು ಮೊಂಡು!" ಎಂದು ಕೇಳಿಸಿತು.

"ಅಮ್ಮ! ಒಳ್ಳೇದು ಹೇಳಿ ಮುಗಿದಿತ್ತು."

"ಮುಗಿದಿತ್ತು, ಅದಕ್ಕೇ ಹೇಳ್ದೆ. ಹಂಗೆ ಬಾಗಿಲು ತೆಗೆದಿಟ್ಟು ಹೋಗ್ತಾರಾ ಯಾರಾದ್ರೂ?"

ವಾರವೆಲ್ಲ ಹೀಗೇ ನಡೆಯಿತು. ಮೂವರು ಒಳ್ಳೆಯದನ್ನು ಕೊನೆಗೆ ತಂದು ನಿಲ್ಲಿಸಿದರೆ ನಾಲ್ಕನೆಯವಳು ಅದಕ್ಕೆ ಬಾಲ ಅಂಟಿಸುತ್ತಿದ್ದಳು. 'ಇಂಗ್ಲಿಷ್ ಚೆನ್ನಾಗಿ ಬರ್ತಿದೆ' ಎಂದು ಕರಿಯಣ್ಣ ಅಂದರೆ, 'ಧ್ವನಿ ಗೊಗ್ಗರು' ಎನ್ನುವಳು. 'ಕೆಲಸ ಸಿಕ್ಕೇ ಸಿಗುತ್ತೆ' ಎಂದರೆ, 'ಬಸ್ಸಲ್ಲಿ ವಾಂತಿ ಮಾಡ್ಕೊಳ್ತಾಳೆ' ಎನ್ನುವಳು. ಮೊದಮೊದಲು ವಿದ್ಯಾಶ್ರೀ ನಗುತ್ತಿದ್ದಳು. ಎರಡನೇ ವಾರದಲ್ಲಿ ನಗು ನಿಂತಿತು. ಬಟ್ಟೆ ಒಣಗಿಸುವಾಗ, ಪಾತ್ರೆ ತಿಕ್ಕುವಾಗ ತುಟಿ ಅಲ್ಲಾಡಿಸುತ್ತ ಒಬ್ಬಳೇ ಅಭ್ಯಾಸ ಮಾಡುತ್ತಿದ್ದಳು.

ಮೂರನೇ ವಾರ ಮನೋಹರ ಸರ್ ಕ್ಲಾಸಿನಲ್ಲೇ ಒಂದು ಸುಳ್ಳು ಸಂದರ್ಶನ ಮಾಡಿದರು. ತಾವು ಸಿಟ್ಟು ಬಂದ ಗಿರಾಕಿಯಾದರು.

"ತ್ಯಾವರೆಕೊಪ್ಪದ ಸಫಾರಿಗೆ ಹೋಗಿದ್ದೆ, ಹುಲಿ ಕಾಣ್ಲೇ ಇಲ್ಲ. ನಿಮ್ಮೂರಿಗೆ ಬಂದಿದ್ದೇ ದಂಡ. ಏನಂತೀಯಮ್ಮ?"

"ಆಲ್ದೋ ದ ಟೈಗರ್ ಡಿಡ್ ನಾಟ್ ಕಮ್ ಔಟ್ ಟುಡೇ, ಸರ್, ಟುಮಾರೋ ಮಾರ್ನಿಂಗ್ ಇಸ್ ಎ ಬೆಟರ್ ಟೈಮ್," ಎಂದಳು ವಿದ್ಯಾಶ್ರೀ ತಡೆಯದೆ.

"ವೆರಿ ಗುಡ್. ಈಗ ನಿನ್ನ ಬಗ್ಗೆ ಹೇಳು."

"ಆಲ್ದೋ ಐ ಆಮ್ ನ್ಯೂ, ಐ ಲರ್ನ್ ಫಾಸ್ಟ್..." ಅಲ್ಲಿಗೆ ನಿಲ್ಲಬೇಕಿತ್ತು. ನಿಲ್ಲಲಿಲ್ಲ. "ಬಟ್ ಐ ಫರ್ಗೆಟ್ ಆಲ್ಸೋ."

ಹಿಂದಿನ ಬೆಂಚಿನವರು ನಕ್ಕರು. ಸಂದರ್ಶನಕ್ಕೆ ಇನ್ನು ಹತ್ತೇ ದಿನ ಉಳಿದಿತ್ತು.

ಅವತ್ತು ಮನೆಯಲ್ಲಿ ಮುದ್ದೆ, ಹುರುಳಿಕಾಳಿನ ಬಸ್ಸಾರು. ವಿದ್ಯಾಶ್ರೀ ಮುದ್ದೆ ಮುರಿಯದೆ ಕೂತಿದ್ದಳು.

"ಏನಾಯ್ತು?" ಎಂದ ಹರ್ಷ.

"ನಂಗೆ ಬರಲ್ಲ ಅಣ್ಣ. ಹುಲಿ ಬಗ್ಗೆ ಬರುತ್ತೆ, ನನ್ನ ಬಗ್ಗೆ ಬರಲ್ಲ. ಒಳ್ಳೇದು ಹೇಳಿ ನಿಲ್ಸಿದ್ರೆ ಎದೆ ಹೊಡ್ಕೊಳ್ಳೋಕೆ ಶುರುವಾಗುತ್ತೆ. ಏನೋ ಆಗ್ಬಿಡುತ್ತೆ ಅನ್ಸುತ್ತೆ. ಏನಾದ್ರೂ ಒಂದು ಕೆಟ್ಟದ್ದು ಹೇಳಿದ್ರೇ ಸಮಾಧಾನ."

"ಹೋಗ್ಲಿ ಬಿಡು," ಎಂದಳು ಪ್ರೇಮಮ್ಮ. "ಇಷ್ಟು ಕಲ್ತಿದ್ದೀಯಲ್ಲ, ಅದೇ ಹೆಚ್ಚು. ತಲೆ ಸ್ವಲ್ಪ ಮಂದ, ಅಷ್ಟೇ."

ಹರ್ಷ ಲೋಟವನ್ನು ನೆಲಕ್ಕೆ ಕುಕ್ಕಿದ. "ಅಮ್ಮ, ಒಂದು ದಿನ, ಒಂದೇ ಒಂದು ದಿನ ಬಾಲ ಕತ್ತರಿಸಿ ಮಾತಾಡು ನೀನು."

"ಬಾಲ ಕತ್ತರಿಸಿದ್ರೆ ಏನಾಗುತ್ತೆ ಅಂತ ನಂಗೊತ್ತು. ನಿಂಗೊತ್ತಿಲ್ಲ."

"ಏನಾಗುತ್ತೆ? ಯಾವತ್ತೋ ಒಂದು ಮಗುಗೆ ಕಾಮಾಲೆ ಬಂತು ಅಂತ..."

"ಹರ್ಷ," ಎಂದ ಕರಿಯಣ್ಣ. "ಬಾಯಿ ಮುಚ್ಕೊಂಡು ಉಣ್ಣು."

"ಉಣ್ಣಲ್ಲ ಅಪ್ಪ. ಏಳನೇ ಕ್ಲಾಸಲ್ಲಿ ಲೆಕ್ಕದಲ್ಲಿ ಸ್ಕೂಲಿಗೇ ಫಸ್ಟ್ ಬಂದೆ ನಾನು. ಮೇಷ್ಟ್ರು ಮನೆ ಬಾಗಿಲಿಗೆ ಬಂದು ಹೇಳಿದ್ರು. ಅಮ್ಮ ಏನಂದ್ಲು ನೆನಪಿದೆಯಾ? ಕೇಳು ಅವಳನ್ನ, ನೆನಪಿದೆಯಾ ಅಂತ."

ಪ್ರೇಮಮ್ಮ ಗಂಡನ ಮುಖ ನೋಡಿದಳು. ಅವಳಿಗೆ ನೆನಪಿರಲಿಲ್ಲ.

"ಲೆಕ್ಕ ಏನೋ ಬರುತ್ತೆ ಮೇಷ್ಟ್ರೇ, ಆದ್ರೆ ತಲೆ ಇಲ್ಲ, ಇವನು ಓದೋ ಪೈಕಿ ಅಲ್ಲ. ಹಂಗಂದ್ಲು. ಮೇಷ್ಟ್ರ ಎದುರಿಗೆ, ನಾನು ಅಲ್ಲೇ ನಿಂತಿದ್ದೆ. ಎಂಟನೇ ಕ್ಲಾಸಲ್ಲೂ ಅದೇ ಅಂದ್ಲು, ಒಂಬತ್ತರಲ್ಲೂ ಅದೇ. ಅಮ್ಮ, ನೀನು ಹೇಳಿದ ಮೊದಲನೇ ಅರ್ಧ ನಂಗೆ ಒಂದೂ ನೆನಪಿಲ್ಲ. ಎರಡನೇ ಅರ್ಧ ಎಲ್ಲಾ ನೆನಪಿದೆ."

"ಅದು ನಿಂಗೆ ಹೇಳಿದ್ದಲ್ಲ ಕಣೋ," ಎಂದಳು ಪ್ರೇಮಮ್ಮ. ಧ್ವನಿ ಸಣ್ಣದಾಗಿತ್ತು. "ಕೆಟ್ಟ ಕಣ್ಣಿಗೆ ಹೇಳಿದ್ದು."

"ಕೇಳಿಸ್ಕೊಂಡಿದ್ದು ನಾನು."

ಹರ್ಷ ತಟ್ಟೆಯನ್ನು ಹಿಂದಕ್ಕೆ ತಳ್ಳಿದ.

"ಹೋದ ವರ್ಷ ಸಾಹುಕಾರ್ರು, ಓಂಕಾರಪ್ಪನೋರು, ಒಳ್ಳೇ ಡ್ರೈವರ್ ಕಣಯ್ಯ ನೀನು ಅಂದ್ರು. ನಾನು ನಿಂತೇ ಇದ್ದೆ. ಯಾಕಯ್ಯ ನಿಂತಿದ್ದೀಯ, ಹೋಗು, ಲೋಡ್ ಆಗಿದೆ ಅಂದ್ರು. ಯಾಕೆ ನಿಂತಿದ್ದೆ ಗೊತ್ತಾ? ಇನ್ನರ್ಧ ಬರ್ಲಿ ಅಂತ ಕಾಯ್ತಿದ್ದೆ! ಹಮಾಲರೆಲ್ಲ ನಕ್ಕರು."

"ನಿನ್ನ ಉಳಿಸ್ಕೊಳ್ಳೋಕೆ ಅಂದಿದ್ದು ಅವಳು," ಎಂದ ಕರಿಯಣ್ಣ.

"ಉಳಿದಿದ್ದೀನಲ್ಲ ಅಪ್ಪ. ನೋಡು, ಉಳಿದಿದ್ದೀನಿ. ಗೂಡ್ಸ್ ಗಾಡಿ ಓಡಿಸ್ಕೊಂಡು, ಅಕ್ಕಿ ಮೂಟೆ ಹೊತ್ಕೊಂಡು. ನಂದು ಮುಗೀತು. ಇವಳದ್ದು ಕೆಡಿಸ್ಬೇಡಿ."

ಅವನು ಎದ್ದು ಕೈ ತೊಳೆದು ಹೊರಗೆ ಹೋದ. ಅವನ ತಟ್ಟೆಯ ಮುದ್ದೆ ಹಾಗೇ ಇತ್ತು. ಪ್ರೇಮಮ್ಮ ಅದನ್ನು ನೋಡುತ್ತ ಕೂತಳು. ಆಮೇಲೆ ತಟ್ಟೆ ಎತ್ತಿಕೊಂಡು ಹೋಗಿ ಮುದ್ದೆಯನ್ನು ನೀರಿಗೆ ಹಾಕಿಟ್ಟಳು.

ಮಾರನೇ ದಿನದಿಂದ ಅವಳ ಬಾಯಿ ಬಂದಾಯಿತು. ಅಡುಗೆ ಮಾಡಿದಳು, ಬಡಿಸಿದಳು, ಬಟ್ಟೆ ಒಗೆದಳು. ಬಾಲವೂ ಇಲ್ಲ, ತಲೆಯೂ ಇಲ್ಲ. ಹರ್ಷ ಅವಳೊಂದಿಗೆ ಮಾತು ಬಿಟ್ಟ. 'ಸಾರು ಹಾಕೋಕೆ ಹೇಳು' ಎಂದು ತಂಗಿಗೆ ಹೇಳುತ್ತಿದ್ದ. ತಾಯಿ ಎರಡು ಮೊಳ ದೂರದಲ್ಲಿ ಸೌಟು ಹಿಡಿದು ನಿಂತಿರುತ್ತಿದ್ದಳು.

"ಈ ಮನೇಲೀಗ ಹೊಗಳಿಕೆನೂ ಇಲ್ಲ, ತೆಗಳಿಕೆನೂ ಇಲ್ಲ. ಬರೀ ಸಾರು," ಎಂದ ಕರಿಯಣ್ಣ. ಯಾರೂ ನಗಲಿಲ್ಲ. ಅದನ್ನು ಇಂಗ್ಲಿಷ್ ಮಾಡು ಎಂದೂ ಯಾರೂ ಹೇಳಲಿಲ್ಲ.

ಎರಡು ದಿನ ಬಿಟ್ಟು ಸಾವಿತ್ರಮ್ಮ ಗೋಧಿ ಡಬ್ಬ ಹಿಡಿದುಕೊಂಡು ಗಿರಣಿಗೆ ಬಂದಳು. "ಅಲ್ಲ ಕರಿಯಣ್ಣ, ಪ್ರೇಮಮ್ಮಂಗೆ ಹುಷಾರಿಲ್ವಾ?"

"ಯಾಕೆ?"

"ನಮ್ಮ ಸೊಸೆ ಹೊಸ ಸೀರೆ ಉಟ್ಕೊಂಡು ಹೋಗಿ ತೋರಿಸಿದ್ಲು. ಚೆನ್ನಾಗಿದೆ ಅಂದ್ರಂತೆ. ಅಷ್ಟೇ. ಬಣ್ಣ ಹೋಗುತ್ತೆ ಅಂತ್ಲಾದ್ರೂ ಅನ್ಬಾರ್ದಾ? ಪಾಪ, ಹುಡುಗಿ ಹೆದರ್ಕೊಂಡು ಬಂದು ಸೀರೆ ಬಿಚ್ಚಿಟ್ಲು."

ಕರಿಯಣ್ಣ ಅದನ್ನು ಮನೆಗೆ ಬಂದು ಹೆಂಡತಿಗೆ ಹೇಳಿದ. ಪ್ರೇಮಮ್ಮ ಸೊಪ್ಪು ಬಿಡಿಸುತ್ತಿದ್ದಳು. ಬಿಡಿಸುವುದನ್ನು ನಿಲ್ಲಿಸಿದಳು.

"ರೀ, ಇವಳ ಇಂಟರ್‌ವ್ಯೂ ಯಾವತ್ತು?"

"ಮುಂದಿನ ಬುಧವಾರ."

"ಒಳ್ಳೇದು ಹೇಳಿ ನಿಲ್ಲಿಸ್ಲೇಬೇಕಾ ಅಲ್ಲಿ? ಬೇರೆ ದಾರಿನೇ ಇಲ್ವಾ?"

"ಇಲ್ವಂತೆ. ಅವರ ಪದ್ಧತಿ ಹಂಗಂತೆ."

"ಅವರಿಗೆ ಕಣ್ಣು ತಾಕಲ್ವಾ?"

"ಅವರ ಮನೇಲಿ ಏನು ಮಾಡ್ಕೊಳ್ತಾರೋ ನಂಗೇನು ಗೊತ್ತು?"

ಅವತ್ತು ಸಂಜೆ, ದೀಪ ಹಚ್ಚಿದ ಮೇಲೆ, ಪ್ರೇಮಮ್ಮ ಮಗಳನ್ನು ಹಿತ್ತಲಿಗೆ ಕರೆದಳು. ಸ್ನಾನದ ನೀರೊಲೆಯಲ್ಲಿ ಕೆಂಡ ಇತ್ತು. ಅವಳ ಮುಷ್ಟಿಯಲ್ಲಿ ಉಪ್ಪು, ಸಾಸಿವೆ, ಒಣಮೆಣಸಿನಕಾಯಿ.

"ಪೂರ್ವಕ್ಕೆ ಮುಖ ಮಾಡಿ ನಿಲ್ಲು. ನಿನ್ನ ಇಂಗ್ಲಿಷಲ್ಲಿ ಏನೇನು ಒಳ್ಳೇದು ಹೇಳ್ಬೇಕೋ ಎಲ್ಲಾ ಹೇಳು."

"ಇಲ್ಲೇನಾ? ನಿನ್ನ ಮುಂದೆನಾ?"

"ಹೇಳು ಅಂದ್ರೆ ಹೇಳು. ಬಾಲ ಹಾಕ್ಬೇಡ. ಎಷ್ಟು ಒಳ್ಳೇದಿದೆಯೋ ಅಷ್ಟೂ ಹೇಳು. ನೀನು ಹೇಳಿ ಮುಗಿಸಿದ ಮೇಲೆ ನಾನು ದೃಷ್ಟಿ ತೆಗೆದು ಹಾಕ್ತೀನಿ."

ವಿದ್ಯಾಶ್ರೀ ಗಂಟಲು ಸರಿಮಾಡಿಕೊಂಡಳು. "ಆಲ್ದೋ ಐ ಆಮ್ ನ್ಯೂ, ಐ ಲರ್ನ್ ಫಾಸ್ಟ್." ನಿಲ್ಲಿಸಿದಳು. ತಾಯಿಯ ಮುಖ ನೋಡಿದಳು. ಪ್ರೇಮಮ್ಮ ತುಟಿ ಬಿಗಿದು, ಮುಷ್ಟಿ ಬಿಗಿದು ನಿಂತಿದ್ದಳು.

"ಆಲ್ದೋ ಐ ಆಮ್ ಶೈ, ಐ ಸ್ಪೀಕ್ ಪೊಲೈಟ್ಲಿ ಟು ಎವ್ರಿವನ್. ಈವನ್ ದೋ ಮೈ ಹೌಸ್ ಇಸ್ ಫಾರ್, ಐ ವಿಲ್ ಕಮ್ ಆನ್ ಟೈಮ್."

"ಆಯ್ತಾ?"

"ಆಯ್ತು."

ಪ್ರೇಮಮ್ಮ ಮುಷ್ಟಿಯನ್ನು ಮಗಳ ತಲೆಯಿಂದ ಕಾಲಿನವರೆಗೆ ಇಳಿತೆಗೆದಳು. 'ನಾಯಿ ಕಣ್ಣು ನರಿ ಕಣ್ಣು, ಬಂದೋರ ಕಣ್ಣು ಹೋದೋರ ಕಣ್ಣು, ಹೆತ್ತವಳ ಕಣ್ಣು' ಎಂದು ಗೊಣಗುತ್ತ ಎಲ್ಲವನ್ನೂ ಕೆಂಡಕ್ಕೆ ಸುರಿದಳು. ಉಪ್ಪು ಚಟಪಟ ಸಿಡಿಯಿತು. ಮೆಣಸಿನಕಾಯಿ ಸುಟ್ಟು ಕಪ್ಪಾಯಿತು.

"ನೋಡಿದ್ಯಾ, ಘಾಟೇ ಬರ್ಲಿಲ್ಲ. ಎಷ್ಟೊಂದು ಕಣ್ಣಿತ್ತು!" ಎಂದಳು. "ನಾಳೆ ಇನ್ನೂ ಜಾಸ್ತಿ ಹೇಳು."

ದಿನಾ ಸಂಜೆ ಅದು ನಡೆಯಿತು. ಹರ್ಷ ಹಿತ್ತಲ ಬಾಗಿಲಲ್ಲಿ ನಿಂತು ನೋಡಿ, ತಂಗಿಯ ಕಡೆ ತಿರುಗಿ, "ಒಣಮೆಣಸಿನಕಾಯಿ ರೇಟು ಗೊತ್ತಾ ಕೇಳು ಅವರನ್ನ. ಮಂಡೀಲಿ ನಾನು ಲೋಡ್ ಮಾಡೋನು," ಎಂದ. ಪ್ರೇಮಮ್ಮ ಕಿವಿಗೆ ಹಾಕಿಕೊಳ್ಳಲಿಲ್ಲ. ವಿದ್ಯಾಶ್ರೀ ದಿನದಿಂದ ದಿನಕ್ಕೆ ಧ್ವನಿ ಏರಿಸಿ ಮಾತಾಡಿದಳು. ಒಳ್ಳೆಯ ಮಾತಿಗೇ ನಿಲ್ಲಿಸಿದಳು. ಮನೋಹರ ಸರ್ ವಾರಗಟ್ಟಲೆ ಹೇಳಿ ಆಗದ್ದು ಮೆಣಸಿನಕಾಯಿಯಿಂದ ಆಯಿತು ಎಂಬುದು ಹರ್ಷನಿಗೆ ಇನ್ನಷ್ಟು ಸಿಟ್ಟು ತರಿಸಿತು.

ಬುಧವಾರ ಬೆಳಿಗ್ಗೆ ಅವನು ಗಾಡಿಯನ್ನು ಮನೆಯ ಮುಂದೆ ತಂದ. ಪ್ರೇಮಮ್ಮ ಸೀರೆ ಬದಲಾಯಿಸಿ ಸಿದ್ಧವಾಗಿ ನಿಂತಿದ್ದಳು.

"ಅವರ್ಯಾಕೆ?" ಎಂದ ತಂಗಿಗೆ.

"ಬರ್ತಾರಂತೆ."

"ಅಲ್ಲೇನಾದ್ರೂ ಬೆಂಕಿ ಹಾಕಿದ್ರೆ ಪೊಲೀಸ್‌ನೋರು ಬರ್ತಾರೆ ಅಂತ ಹೇಳು."

"ಬೆಂಕಿ ಬೇಡ," ಎಂದಳು ಪ್ರೇಮಮ್ಮ ಗಾಳಿಗೆ. "ನೀರಿಗೆ ಹಾಕಿದ್ರೂ ನಡೆಯುತ್ತೆ." ಸೆರಗಿನ ತುದಿಯಲ್ಲಿ ಗಂಟು ಕಟ್ಟಿಕೊಂಡಿದ್ದಳು.

ಹೋಟೆಲಿನ ಒಳಗೆ ಅದೇ ಮೇಡಂ, ಅದೇ ಮೇಜು. ಜೊತೆಗೆ ಕನ್ನಡಕದ ಒಬ್ಬ ಗಂಡಸು. ಹೊರಗಿನ ಕುರ್ಚಿಗಳಲ್ಲಿ ಇನ್ನೂ ಏಳೆಂಟು ಹುಡುಗಿಯರು ಕಾಯುತ್ತಿದ್ದರು. ಮೇಡಂ ಅದೇ ಪ್ರಶ್ನೆ ಕೇಳಿದರು.

"ಆಲ್ದೋ ಐ ಆಮ್ ನ್ಯೂ, ಐ ಲರ್ನ್ ಫಾಸ್ಟ್," ಎಂದು ವಿದ್ಯಾಶ್ರೀ ನಿಲ್ಲಿಸಿದಳು. ಎ.ಸಿ.ಯ ಸದ್ದು ಕೇಳುತ್ತಿತ್ತು. ಮೇಡಂ ಪೆನ್ನು ಹಿಡಿದು ಕಾಯುತ್ತಿದ್ದರು. ಅವಳು ಬಾಯಿ ಮುಚ್ಚಿಯೇ ಕೂತಳು. ಮೇಡಂ ಏನೋ ಬರೆದುಕೊಂಡರು.

ಕನ್ನಡಕದವರು ಸಿಟ್ಟಾದ ಗಿರಾಕಿಯ ಬಗ್ಗೆ ಕೇಳಿದರು. ಕೊಟ್ಟ ರೂಮು ಸಣ್ಣದಾಯಿತೆಂದು ಕೂಗಾಡಿದರೆ ಏನು ಹೇಳುತ್ತೀ? "ಆಲ್ದೋ ದ ರೂಮ್ ಇಸ್ ಸ್ಮಾಲ್, ಸರ್, ಇಟ್ ಇಸ್ ದ ಕ್ವಾಯಟೆಸ್ಟ್ ಒನ್. ಯು ವಿಲ್ ಸ್ಲೀಪ್ ವೆಲ್." ಅವರು ಮೇಡಂ ಕಡೆ ನೋಡಿದರು.

"ಹೋದ ಸಲ ಹೇಳಿದ ಕುಂದುಗಳೆಲ್ಲ ಎಲ್ಲಿ ಹೋದ್ವು?" ಮೇಡಂ ಕನ್ನಡದಲ್ಲೇ ಕೇಳಿದರು.

"ಇದಾವೆ ಮೇಡಂ. ಅವನ್ನ ಮೊದ್ಲೇ ಹೇಳಿ ಮುಗಿಸ್ತೀನಿ ಈಗ."

ಮೇಡಂ ಈ ಸಲವೂ ನಕ್ಕರು. "ಒಂದನೇ ತಾರೀಖಿಂದ ಬಾ. ಮೂರು ತಿಂಗಳು ಟ್ರೈನಿಂಗ್. ಯೂನಿಫಾರಂ ನಾವೇ ಕೊಡ್ತೀವಿ."

ಗೇಟಿನ ಹೊರಗೆ ಪ್ರೇಮಮ್ಮ ಕಾವಲುಗಾರನ ಸ್ಟೂಲಿನ ಮೇಲೆ ಕೂತಿದ್ದಳು. ಹರ್ಷ ಗಾಡಿಯ ಬಾನೆಟ್ಟಿಗೆ ಒರಗಿ ರಸ್ತೆ ನೋಡುತ್ತಿದ್ದ. ಮಗಳ ಮುಖ ಕಂಡದ್ದೇ ಪ್ರೇಮಮ್ಮ ಎದ್ದು ಸೆರಗಿನ ಗಂಟು ಬಿಚ್ಚಿದಳು.

"ಸಿಕ್ತು ಅಮ್ಮ..."

"ಸುಮ್ನಿರು. ಮೊದ್ಲು ನಿಲ್ಲು."

"ಇಲ್ಲಿ ಬೇಡಮ್ಮ," ಎಂದ ಕಾವಲುಗಾರ. "ಕ್ಯಾಮೆರಾ ಇದೆ. ಆ ಕಡೆ ಮೋರಿ ಹತ್ರ ಹೋಗಿ. ಹಂಗೇ ನಂಗೂ ಒಂದ್ ಸುತ್ತು ತೆಗೀರಿ, ಬಂದೋರೆಲ್ಲ ನನ್ನೇ ನೋಡ್ತಾರೆ."

ಮೋರಿಯ ಬಳಿ ಇಳಿತೆಗೆದದ್ದಾಯಿತು. ಉಪ್ಪು ಮೆಣಸು ನೀರಿಗೆ ಬಿತ್ತು. ವಿದ್ಯಾಶ್ರೀ ಅಪ್ಪನಿಗೆ ಫೋನು ಮಾಡಿದಳು. ಗಿರಣಿಯ ಗದ್ದಲದಲ್ಲಿ ಅವನಿಗೆ ಏನೂ ಕೇಳಿಸಲಿಲ್ಲ. ಮೋಟಾರು ನಿಲ್ಲಿಸಿ ಬಂದು, "ಸಿಕ್ತಾ?" ಎಂದ. ಅವಳು ಹೂಂ ಎಂದದ್ದೇ, "ನಿಮ್ಮ ಅತ್ತೆಗೆ ನಾನೇ ಹೇಳ್ತೀನಿ. ತರೀಕೆರೆಯೋರು ಬೇರೆ ಕಡೆ ನೋಡ್ಕೊಳ್ಳಿ. ಬರ್ತಾ ಕೋಳಿ ತಗೊಂಡ್ಬನ್ನಿ," ಎಂದ.

ಮೂವರೂ ಗಾಡಿಯ ಮುಂದಿನ ಸೀಟಿನಲ್ಲಿ ಒತ್ತಿಕೊಂಡು ಕೂತರು. ವಿದ್ಯಾಶ್ರೀ ಕಿಟಕಿಯ ಕಡೆ ಕೂತು, ವಾಂತಿ ಬಾರದಿರಲೆಂದು ನಿಂಬೆಹಣ್ಣು ಮೂಸುತ್ತ ಕಣ್ಣು ಮುಚ್ಚಿದಳು. ಪ್ರೇಮಮ್ಮ ನಡುವೆ ಸಿಕ್ಕಿಕೊಂಡಳು. ಹರ್ಷ ಗೇರು ಹಾಕುವಾಗಲೆಲ್ಲ ಅವಳು ಮಂಡಿ ಸರಿಸಬೇಕಾಗಿತ್ತು. ಮಾಚೇನಹಳ್ಳಿ ಬರುವವರೆಗೆ ಅಷ್ಟೇ ನಡೆಯಿತು.

"ಹರ್ಷ," ಎಂದಳು.

ಮುಂದೆ ಸಿಮೆಂಟ್ ಲಾರಿಯೊಂದು ತೆವಳುತ್ತಿತ್ತು. ಅವನು ಹಾರ್ನ್ ಹೊಡೆದ.

"ಮೇಷ್ಟ್ರು ಅಂದಿದ್ದು ನಿಜ ಕಣೋ. ನಿಂಗೆ ತಲೆ ಇತ್ತು."

"ಇತ್ತು ಅಂದ್ರೆ?" ಬಹಳ ದಿನಗಳ ಮೇಲೆ ಅವನು ನೇರವಾಗಿ ಅವಳಿಗೇ ಕೇಳಿದ ಮಾತು ಅದು.

"ಇದೆ."

ಹರ್ಷ ಲಾರಿಯನ್ನು ಹಿಂದೆ ಹಾಕಲಿಲ್ಲ. ರಸ್ತೆ ಖಾಲಿಯಿತ್ತು. ಅದರ ಹಿಂದೆಯೇ ನಿಧಾನವಾಗಿ ಹೋದ. ಪ್ರೇಮಮ್ಮನ ತುಟಿ ಅಲ್ಲಾಡಿತು. ಅವಳು ಖಾಲಿ ಸೆರಗನ್ನು ಮುದ್ದೆ ಮಾಡಿ ಬಾಯಿಗೆ ಒತ್ತಿ ಹಿಡಿದಳು.

"ಮುಂದೆ?" ಎಂದ ಹರ್ಷ.

ಅವಳು ಸೆರಗು ತೆಗೆದಳು.

"ಮುಂದೇನಿಲ್ಲ. ರಸ್ತೆ ನೋಡ್ಕೊಂಡು ಓಡ್ಸು."